ಟ್ರೇಲರ್ ನೋಡಿ ದುಡ್ಡು ಕಟ್ಟಬೇಡಿ

ಕೇಳುಗರಿಗೆಲ್ಲ ನಮಸ್ಕಾರ. ಕೊಟ್ಟಿರೋ ಸಮಯ ಕಡಿಮೆ, ಅದಕ್ಕೇ ಹೇಳಬೇಕಾದ್ದನ್ನ ಮೊದಲೇ ಹೇಳಿಬಿಡ್ತೀನಿ. ಇನ್ನೂ ಬಿಡುಗಡೆ ಆಗದ ವಿಡಿಯೋ ಗೇಮ್‌ಗೆ ಮುಂಗಡ ಕಟ್ಟಬೇಡಿ. ಪಿಯುಸಿ, ಡಿಗ್ರಿ ಓದೋ ಹುಡುಗರೇ, ನಿಮಗೇ ಹೇಳ್ತಿರೋದು. ಡೈರಿ ಬಟವಾಡೆ ಆದ ದಿನ ಮಗ ನಾಲ್ಕೈದು ಸಾವಿರ ಕೇಳ್ತಾನಲ್ಲ, ಆ ಅಪ್ಪ ಅಮ್ಮಂದಿರೂ ಕೇಳಿಸ್ಕೊಳ್ಳಿ.

ಆಟ ಬರೋಕೆ ವರ್ಷಗಟ್ಟಲೆ ಮುಂಚೆ ಟ್ರೇಲರ್ ಬರುತ್ತೆ. ಅದರಲ್ಲಿ ಕಾಣೋದು ಮಾಡಿ ಮುಗಿಸಿದ ಆಟ ಅಲ್ಲ, ಮಾಡಬೇಕು ಅಂದ್ಕೊಂಡಿರೋ ಆಟ. ಎತ್ತಿನಹೊಳೆ ನೀರಿಗೆ ಕಾದು ಗೊತ್ತಿರೋ ಚಿಕ್ಕಬಳ್ಳಾಪುರದವರಿಗೆ ಇದನ್ನ ಬಿಡಿಸಿ ಹೇಳಬೇಕಾ? ಶಂಕುಸ್ಥಾಪನೆ ಕಲ್ಲಿನ ಮುಂದೆ ಯಾರೂ ಬಿಂದಿಗೆ ಹಿಡ್ಕೊಂಡು ನಿಲ್ಲಲ್ಲ.

ನೋ ಮ್ಯಾನ್ಸ್ ಸ್ಕೈ ಕಥೆ ಹೇಳ್ತೀನಿ, ನನಗೆ ಎಷ್ಟು ಸಲ ಹೇಳಿದರೂ ಬೇಜಾರಾಗಲ್ಲ. ಇಂಗ್ಲೆಂಡಿನ ಹಲೋ ಗೇಮ್ಸ್ ಅನ್ನೋ ಪುಟ್ಟ ಕಂಪನಿ ಮಾಡಿದ ಬಾಹ್ಯಾಕಾಶದ ಆಟ. ಅದರಲ್ಲಿರೋ ಗ್ರಹಗಳ ಸಂಖ್ಯೆ ಬರೀಬೇಕು ಅಂದರೆ 18 ಬರೆದು ಪಕ್ಕದಲ್ಲಿ ಇನ್ನೂ 18 ಸೊನ್ನೆ ಹಾಕಬೇಕು. ಬೇರೆ ಆಟಗಾರರು ಅಲ್ಲಿ ಸಿಗ್ತಾರಾ ಅಂತ ಕೇಳಿದರೆ ಮುಖ್ಯಸ್ಥ ಶಾನ್ ಮರ್ರಿ ಹೂಂ ಅಂದರು. ಜೊತೆಗೆ, ವಿಶ್ವ ಅಷ್ಟು ದೊಡ್ಡದಲ್ವಾ, ಎದುರಾಗೋದು ತೀರಾ ಅಪರೂಪ ಅಂತ ಒಂದು ಬಾಲವನ್ನೂ ಸೇರಿಸಿದರು. 2016ರ ಆಗಸ್ಟ್‌ನಲ್ಲಿ ಆಟ ಬಂತು. ಬಂದ ದಿನವೇ ಇಬ್ಬರು ಹಟ ಹಿಡಿದು ಒಂದೇ ಗ್ರಹಕ್ಕೆ ಹೋದರು, ಒಂದೇ ಜಾಗದಲ್ಲಿ ನಿಂತರು. ಇಬ್ಬರದೂ ನೇರಪ್ರಸಾರ, ಜನ ಕಣ್ಣು ಮಿಟುಕಿಸದೆ ನೋಡ್ತಿದ್ದಾರೆ. ಇವನಿಗೆ ಅವನು ಕಾಣ, ಅವನಿಗೆ ಇವನು ಕಾಣ! ದೂರು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆವರೆಗೂ ಹೋಯ್ತು. ಜಾಹೀರಾತಿನಲ್ಲಿ ದಾರಿ ತಪ್ಪಿಸೋಂಥದ್ದು ಏನಿಲ್ಲ ಅಂದರು ಅವರು. ಕಂಪನಿಯವರು ಬಾಯಿ ಮುಚ್ಕೊಂಡು ಕೆಲಸ ಮಾಡಿದರು, ಅದನ್ನ ಮೆಚ್ಚಲೇಬೇಕು. ಆಟಗಾರರು ಒಬ್ಬರನ್ನೊಬ್ಬರು ಕಂಡು ಜೊತೆಯಲ್ಲಿ ಆಡೋ ಹಾಗಾಗಿದ್ದು 2018ರ ಜುಲೈನಲ್ಲಿ, ಅದೂ ಬಿಟ್ಟಿಯಾಗಿ. ಹಾಗಾದರೆ ಮುಂಗಡವಾಗಿ ಪೂರ್ತಿ ದುಡ್ಡು ಕೊಟ್ಟವನಿಗೆ ಏನು ಸಿಕ್ತು? ಹೆಚ್ಚುಕಮ್ಮಿ ಎರಡು ವರ್ಷದ ಕಾಯೋ ಕೆಲಸ. ಅವನೂ ಮುಂಗಡ ಕಟ್ಟಬಾರದಿತ್ತು.

ಗಾಜಿನ ಆಚೆಯಿಂದ ಗಡಿಯಾರ ತೋರಿಸ್ತಿದ್ದಾರೆ, ಬೇಗ ಬೇಗ ಹೇಳ್ತೀನಿ. ಆಟ ಮಾಡೋರೆಲ್ಲ ಸುಳ್ಳರಲ್ಲ. ಡೆಮೊದಲ್ಲಿ, ಅಂದರೆ ತೋರಿಸೋಕೆ ಅಂತ ಮಾಡಿದ ತುಣುಕಿನಲ್ಲಿ, ಚೆನ್ನಾಗಿ ಓಡಿದ್ದು ಪೂರ್ತಿ ಆಟಕ್ಕೆ ಕೂಡಿಸಿದಾಗ ಕೈಕೊಡುತ್ತೆ, ಆಗ ಕತ್ತರಿ ಹಾಕ್ತಾರೆ. ಸೈಬರ್‌ಪಂಕ್ 2077 ಅನ್ನೋ ಆಟದ್ದು 48 ನಿಮಿಷದ ವಿಡಿಯೋ 2018ರಲ್ಲಿ ಬಂತು. ಅದರಲ್ಲಿ ನಾಯಕಿ ಗೋಡೆಗೆ ಬ್ಲೇಡು ನೆಟ್ಟು ನೇತಾಡ್ತಾಳೆ. 2020ರ ಡಿಸೆಂಬರ್‌ನಲ್ಲಿ ಕೈಗೆ ಬಂದ ಆಟದಲ್ಲಿ ಅದಿಲ್ಲ. ಸೋನಿ ಕಂಪನಿಯ ಆಟದ ಯಂತ್ರ ಪ್ಲೇಸ್ಟೇಷನ್‌ನ ಹಳೇ ಮಾದರಿಯಲ್ಲಂತೂ ಆಟವೇ ನೆಟ್ಟಗೆ ನಡೀಲಿಲ್ಲ, ಒಂದು ವಾರಕ್ಕೆಲ್ಲ ಸೋನಿಯವರು ತಮ್ಮ ಆನ್‌ಲೈನ್ ಅಂಗಡಿಯಿಂದಲೇ ಎತ್ತಿಬಿಟ್ಟರು.

ಜಿಟಿಎ 6 ಅನ್ನೋ ಆಟದ ಬಗ್ಗೆ ಕೇಳ್ತೀರಿ, ಗೊತ್ತು. 2025ಕ್ಕೆ ಬರುತ್ತೆ ಅಂದರು, ಆಮೇಲೆ 2026ರ ಮೇ ಅಂದರು, ಅದೂ ನವೆಂಬರ್ 19ಕ್ಕೆ ಹೋಯ್ತು. ಕಂಪನಿ ಬಾಯೇ ಬಿಡದ ಸಂಗತಿಗಳನ್ನ ಯೂಟ್ಯೂಬ್‌ನಲ್ಲಿ ಪಟ್ಟಿ ಮಾಡಿ ಓದೋರನ್ನ ದಯವಿಟ್ಟು ನಂಬಬೇಡಿ.

ಬಿಡುಗಡೆ ಆದ ಮೇಲೆ ಒಂದು ವಾರ ಬಿಡಿ. ಬೇರೆಯವರು ಆಡೋದನ್ನ ನೋಡಿ, ಆಮೇಲೆ ಕೊಳ್ಳಿ. ಕಂಪ್ಯೂಟರ್‌ನಲ್ಲಿ ಸ್ಟೀಮ್ ಅನ್ನೋ ಆನ್‌ಲೈನ್ ಆಟದಂಗಡಿ ಮೂಲಕ ಕೊಂಡರೆ 14 ದಿನದೊಳಗೆ, ಆಡಿದ್ದು 2 ಗಂಟೆ ಮೀರದಿದ್ದರೆ, ದುಡ್ಡು ವಾಪಸ್ ಕೇಳಬಹುದು. ಪ್ಲೇಸ್ಟೇಷನ್ ಅಂಗಡಿ ಅಷ್ಟು ಧಾರಾಳಿ ಅಲ್ಲ. ಅಲ್ಲಿ ಡೌನ್‌ಲೋಡ್ ಶುರು ಮಾಡಿದಿರೋ, ಆಟದಲ್ಲೇ ದೋಷ ಇದ್ದರೆ ಬೇರೆ ಮಾತು, ಇಲ್ಲದಿದ್ದರೆ ದುಡ್ಡು ಹೋದ ಹಾಗೇ. ನಮಸ್ಕಾರ.