‘ಕ’ ಅಕ್ಷರ ಮೇಲ್‌ನಲ್ಲಿ ‘ಕ’ ಆಗೇ ತಲುಪ್ಬೇಕಾದ್ರೆ

ಎಲ್ರಿಗೂ ನಮಸ್ಕಾರ. ಇವತ್ತು ಒಂದೇ ಅಕ್ಷರ ಇಟ್ಕೊಂಡು ಮಾತಾಡ್ತೀನಿ, ‘ಕ’. ಯುಟಿಎಫ್-8ನಲ್ಲಿ, ಅಂದ್ರೆ ಅಕ್ಷರಗಳನ್ನ ಕಂಪ್ಯೂಟರಿನ ಸಂಖ್ಯೆಗಳಾಗಿ ಬರೆಯೋ ಒಂದು ಪದ್ಧತೀಲಿ, ಇದು ಮೂರು ಬೈಟು: ಇ0, ಬಿ2, 95 (ಹದಿನಾರರ ಲೆಕ್ಕದಲ್ಲಿ ಬರೆದ ಸಂಖ್ಯೆಗಳು). ಈ ಮೂರೂ ಸರಿಯಾಗೇ ಹೋದ್ವು, ಆದ್ರೆ ಮೇಲ್‌ನ ಹೆಡರ್‌ನಲ್ಲಿ, ಅಂದ್ರೆ ಮೇಲ್‌ನ ತಲೆಭಾಗದ ವಿವರಗಳಲ್ಲಿ, ಕ್ಯಾರ್‌ಸೆಟ್ (ಅಕ್ಷರ ಪದ್ಧತಿಯ ಹೆಸರು) ವಿಂಡೋಸ್-1252 ಅಂತ, ಅಂದ್ರೆ ಇಂಗ್ಲಿಷಿನಂಥ ಭಾಷೆಗಳ ಹಳೇ ಪದ್ಧತಿ ಅಂತ ಬರೆದಿತ್ತು ಅನ್ಕೊಳ್ಳಿ. ಆಗ ಓದೋರಿಗೆ ಕಾಣೋದು ನೆತ್ತಿ ಮೇಲೆ ಗೆರೆ ಇರೋ ಇಂಗ್ಲಿಷಿನ ಸಣ್ಣ ‘ಎ’, ಪುಟ್ಟದೊಂದು 2, ಆಮೇಲೆ ದಪ್ಪ ಚುಕ್ಕೆ. ಕನ್ನಡದ ಅಕ್ಷರಗಳೆಲ್ಲ ಇ0ಯಿಂದಲೇ ಶುರುವಾಗೋದ್ರಿಂದ ಕೆಟ್ಟ ಮೇಲ್ ತುಂಬಾ ಆ ‘ಎ’ನೇ ಸಾಲುಗಟ್ಟಿರುತ್ತೆ.

ಇಲ್ಲಿ ಅಕ್ಷರ ಹಾಳಾಗಿಲ್ಲ ನೋಡಿ, ಮೇಲೆ ಅಂಟಿಸಿದ ಚೀಟಿ ತಪ್ಪು. ಚೀಟಿ ತಿದ್ದಿದ್ರೆ ‘ಕ’ ವಾಪಸ್ ಬರುತ್ತೆ. ಆದ್ರೆ ಕಳಿಸೋ ಪ್ರೋಗ್ರಾಮೇ ಕನ್ನಡನ ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿರೋ ಆಸ್ಕಿ ಪಟ್ಟಿಗೆ ತುರುಕೋಕೆ ಹೋಗಿ ಪ್ರಶ್ನಾರ್ಥಕ ಚಿಹ್ನೆ ಹಾಕಿಬಿಟ್ರೆ ಮುಗೀತು, ಅದನ್ನ ಯಾರೂ ವಾಪಸ್ ತರೋಕಾಗಲ್ಲ.

ಕ್ಯಾರ್‌ಸೆಟ್ ಹೇಳೋದು ಈ ಬೈಟು ಯಾವ ಅಕ್ಷರ ಅಂತ. ಟ್ರಾನ್ಸ್‌ಫರ್ ಎನ್‌ಕೋಡಿಂಗ್ ಹೇಳೋದು ದಾರೀಲಿ ಈ ಬೈಟನ್ನ ಹೇಗೆ ಕಟ್ಟಿದೀವಿ ಅಂತ. ಎರಡೂ ಬೇರೆ ಬೇರೆ, ‘ಯುಟಿಎಫ್-8 ಹಾಕಿದೀನಲ್ಲ, ಇನ್ನೇನು ಬೇಕು’ ಅನ್ನೋರು ಇಲ್ಲೇ ಎಡವೋದು. ಮೇಲ್ ಸಾಗಿಸೋ ನಿಯಮಾವಳಿ, 1982ರ ಎಸ್‌ಎಂಟಿಪಿ, ಏಳು ಬಿಟ್ಟಿನ ಆಸ್ಕಿಗೆ ಮಾಡಿದ್ದು, ನಮ್ಮ ಬೈಟುಗಳಿಗೆಲ್ಲ ಎಂಟನೇ ಬಿಟ್ ಬೇಕು. ಅದಕ್ಕೇ 1992ರಲ್ಲಿ ಬೋರೆನ್‌ಸ್ಟೈನ್ ಮತ್ತೆ ಫ್ರೀಡ್ ಬರೆದ ಮೈಮ್ ಅನ್ನೋ ನಿಯಮಾವಳಿ ಬಂತು, ಮೂರು ಬೈಟನ್ನ ನಾಲ್ಕು ಕ್ಯಾರೆಕ್ಟರಾಗಿ ಬರೆಯೋ ಬೇಸ್64, ಇಂಥ ಬೈಟನ್ನ ‘=’ ಮತ್ತೆ ಎರಡು ಕ್ಯಾರೆಕ್ಟರಾಗಿ ಬರೆಯೋ ಕೋಟೆಡ್-ಪ್ರಿಂಟಬಲ್ ಎರಡನ್ನೂ ಕೊಡ್ತು. ಕೋಟೆಡ್-ಪ್ರಿಂಟಬಲ್‌ನಲ್ಲಿ ‘ಕ’ಗೆ 9 ಕ್ಯಾರೆಕ್ಟರ್, ಬೇಸ್64ನಲ್ಲಿ ಬರೀ 4. ಕನ್ನಡಕ್ಕೆ ಬೇಸ್64ನೇ ಸರಿ ಅಂತ ನನ್ನ ಅಭಿಪ್ರಾಯ, ಮುಕ್ಕಾಲು ಪಾಲು ಇಂಗ್ಲಿಷ್ ಇರೋ ಮೇಲ್‌ಗೆ ಇನ್ನೊಂದು.

ಎನ್‌ಕೋಡಿಂಗ್ ಮಾಡದೇನೇ ಮಾಡಿದೀನಿ ಅಂತ ಡಿಕ್ಲೇರ್ ಮಾಡಿದ್ರೂ ಕಷ್ಟ. ಕೋಟೆಡ್-ಪ್ರಿಂಟಬಲ್ ಅಂತ ಬರೆದು, ಲಿಂಕ್‌ನಲ್ಲಿ ‘ಐಡಿ=42’ ಅಂತ ಹಾಗೇ ಬಿಟ್ರೆ, ಆ ಕಡೆ ಪ್ರೋಗ್ರಾಂ =42 ಅನ್ನೋದನ್ನ ಒಂದು ಬೈಟು ಅಂತ ಬಿಚ್ಚುತ್ತೆ, ಅದು ಇಂಗ್ಲಿಷಿನ ‘ಬಿ’, ಲಿಂಕ್ ‘ಐಡಿಬಿ’ ಆಗುತ್ತೆ, ಕ್ಲಿಕ್ ಮಾಡಿದೋರಿಗೆ ಪೇಜೇ ಸಿಗಲ್ಲ, ಅಕ್ಷರ ಎಲ್ಲ ಚೆನ್ನಾಗೇ ಕಾಣ್ತಿರೋದ್ರಿಂದ ಯಾರಿಗೂ ಡೌಟೂ ಬರಲ್ಲ.

ಇನ್ನು ಸಬ್ಜೆಕ್ಟ್. ಮೇಲ್‌ನ ಒಳಗಿನ ಬರಹಕ್ಕೆ ಹಾಕಿದ ಚೀಟಿ ಸಬ್ಜೆಕ್ಟಿಗೆ ಅನ್ವಯ ಆಗಲ್ಲ. ಅಲ್ಲಿ ಉದ್ದ ಇದ್ರೆ ತುಂಡು ತುಂಡು ಮಾಡಿ, ಕ್ಯಾರ್‌ಸೆಟ್ ಹೆಸರನ್ನೂ ಎನ್‌ಕೋಡಿಂಗನ್ನೂ ಪ್ರತಿ ತುಂಡಿನ ಒಳಗೇ ಬರೀಬೇಕು, ಒಂದು ತುಂಡು 75 ಕ್ಯಾರೆಕ್ಟರ್ ಮೀರಬಾರ್ದು. ಆ ಹೆಸರುಗಳ ಜಾಗ ಕಳೆದು ಲೆಕ್ಕ ಹಾಕಿದ್ರೆ ಬೇಸ್64ನಲ್ಲಿ 45 ಬೈಟು ಹಿಡಿಯುತ್ತೆ. ನಾನೊಂದ್ಸಲ ಕೋಡ್ ಬರೆದಾಗ ಕಣ್ಣುಮುಚ್ಚಿ 45ಕ್ಕೆ ಒಂದರಂತೆ ಕತ್ತರಿಸಿದ್ದೆ. ಟೆಸ್ಟಿಗೆ ಸ್ಪೇಸ್ ಇಲ್ಲದ ಉದ್ದ ಪದ ಕೊಟ್ಟಿದ್ದೆ, 45ನ್ನ ಮೂರರಿಂದ ಭಾಗಿಸಿದ್ರೆ ಸರಿಯಾಗಿ 15, ಎಲ್ಲಾ ಪಾಸ್. ನಿಜವಾದ ಸಬ್ಜೆಕ್ಟಲ್ಲಿ ಒಂದು ಸ್ಪೇಸ್ ಬಂತು, ಅದು ಒಂದೇ ಬೈಟು, ಅಲ್ಲಿಂದ ಮುಂದೆ ಕತ್ತರಿ ಅಕ್ಷರದ ನಡುವೆ ಬಿತ್ತು, ಜನರ ಹೆಸರುಗಳೇ ತುಂಡಾಗಿ ಹೋದ್ವು. ತನ್ನ ಹೆಸರು ಹಾಗೆ ಕಂಡೋರಿಗೆ ಹೇಗಾಗಿರುತ್ತೆ ಅಂತ ನಂಗೆ ತುಂಬಾ ದಿನ ಕಾಡ್ತು. ಪ್ರತಿ ತುಂಡಲ್ಲೂ ಪೂರ್ತಿ ಅಕ್ಷರಗಳೇ ಇರಬೇಕು ಅಂತ ನಿಯಮದಲ್ಲೇ ಇದೆ.

ಅಟ್ಯಾಚ್‌ಮೆಂಟ್ ಇದ್ರೆ ಒಂದೊಂದು ಭಾಗಕ್ಕೂ ಅದರದ್ದೇ ಚೀಟಿ, ಆ ಭಾಗಗಳನ್ನೆಲ್ಲ ಒಳಗಿಟ್ಕೊಂಡಿರೋ ಹೊರಗಿನ ಮಲ್ಟಿಪಾರ್ಟ್ ಅನ್ನೋ ಹೊದಿಕೆಗೆ ಬೇಸ್64 ಹಾಕೋ ಹಾಗಿಲ್ಲ. ಈಗ ನಿಮ್ಮ ಇನ್‌ಬಾಕ್ಸ್‌ನಲ್ಲಿ ಒಂದು ಕನ್ನಡ ಮೇಲ್ ತೆಗೆದು ಅದರ ಮೂಲ ರೂಪ ನೋಡಿ, ಬೇಸ್64 ಆಗಿದ್ರೆ ‘4ಎಲ್‌ಕೆ’, ‘4ಎಲ್‌ಒ’ ಅನ್ನೋ ಇಂಗ್ಲಿಷ್ ಅಕ್ಷರಗಳ ಗುಂಪು ಮತ್ತೆ ಮತ್ತೆ ಸಿಗುತ್ತೆ, ಅದೇ ನಮ್ಮ ಕನ್ನಡ.