ಮೊದಲು ಕತ್ತಲು ಕೇಳಿ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಮೈಸೂರಿನ ಕಲಾ ಕಾಲೇಜು ಕಾವಾದ ಮಕ್ಕಳಿದ್ದೀರಿ, ಹಿಂದೆ ನಾಟಕದವರು, ಆ ಮೂಲೆಯಲ್ಲಿ ಶಾಮಿಯಾನ ಮತ್ತು ಲೈಟಿಂಗ್‌ನವರು. ಹಾಗಾಗಿ ಪ್ರೊಜೆಕ್ಷನ್ ಮ್ಯಾಪಿಂಗ್ ಅಂದರೆ ಕಟ್ಟಡದ ಕಿಟಕಿ, ಕಂಬಗಳಿಗೆ ಸರಿಯಾಗಿ ಕೂರುವಂತೆ ಪ್ರೊಜೆಕ್ಟರಿನಿಂದ ಚಿತ್ರ ಬಿಡುವುದು ಅಂತಷ್ಟೇ ಹೇಳಿ ಮುಂದೆ ಹೋಗುತ್ತೇನೆ. ದಸರಾ ಹತ್ತಿರ ಬಂತು ಅಂದರೆ ನಮ್ಮೂರಲ್ಲಿ ಪ್ರತಿ ಕಾಲೇಜಿಗೂ ಪ್ರತಿ ಸಂಘಕ್ಕೂ ತಮ್ಮ ಕಟ್ಟಡದ ಮೇಲೊಂದು ಮ್ಯಾಪಿಂಗ್ ಆಗಬೇಕು ಅನ್ನಿಸುತ್ತದೆ. ಬಂದವರು ಮೊದಲು ಕೇಳುವುದು ಒಂದೇ: "ಎಷ್ಟು ಲೂಮೆನ್ ಪ್ರೊಜೆಕ್ಟರ್ ಬೇಕು ಸಾರ್?" ಲೂಮೆನ್ ಅಂದರೆ ಪ್ರೊಜೆಕ್ಟರ್ ಎಸೆಯುವ ಒಟ್ಟು ಬೆಳಕಿನ ಅಳತೆ. ಆ ಪ್ರಶ್ನೆ ಎರಡನೆಯದು. ಮೊದಲನೆಯದು, ಎಷ್ಟು ಕತ್ತಲು ಸಿಗುತ್ತದೆ?

ಯಾಕೆಂದರೆ ಪ್ರೊಜೆಕ್ಟರ್ ಕಪ್ಪನ್ನು ಎಸೆಯುವುದಿಲ್ಲ. ಕೆಂಪು, ಹಸಿರು, ನೀಲಿ, ಬಿಳಿ ಏನು ಬೇಕಾದರೂ ಎಸೆದೀತು. ಚಿತ್ರದಲ್ಲಿ ನೀವು ಕಪ್ಪು ಅಂತ ಬಿಟ್ಟ ಜಾಗದಲ್ಲಿ ಕಾಣುವುದು ಗೋಡೆಯ ಮೇಲೆ ಮೊದಲೇ ಬಿದ್ದಿರುವ ಬೆಳಕು. ಬೀದಿ ದೀಪ ಬಿದ್ದಿದ್ದರೆ ನಿಮ್ಮ ಕಪ್ಪು ಆ ದೀಪದ ಬಣ್ಣವೇ.

ಲೆಕ್ಕ ಹಾಕೋಣ. 12 ಮೀಟರ್ ಅಗಲ, ಏಳೂವರೆ ಮೀಟರ್ ಎತ್ತರದ ಗೋಡೆ. 90 ಚದರ ಮೀಟರ್. 10,000 ಲೂಮೆನ್ ಪ್ರೊಜೆಕ್ಟರ್ ಇಟ್ಟರೆ ಚದರ ಮೀಟರಿಗೆ 111 ಲೂಮೆನ್, ಅಂದರೆ 111 ಲಕ್ಸ್. ಲೆನ್ಸು, ಧೂಳು ತಿನ್ನುವುದನ್ನು ಕಳೆದು 100 ಅನ್ನೋಣ. ಬೀದಿ ದೀಪದಿಂದ ಗೋಡೆ ಮೇಲೆ 20 ಲಕ್ಸ್ ಬೀಳುತ್ತಿದೆ. ಆಗ ನಿಮ್ಮ ಬಿಳಿ 120, ಕಪ್ಪು 20. ಅನುಪಾತ ಬರೀ ಆರಕ್ಕೆ ಒಂದು. ಚಿತ್ರ ಸಪ್ಪೆಯಾಗಿದೆ ಅಂತ ಇನ್ನೊಂದು ಪ್ರೊಜೆಕ್ಟರ್ ಬಾಡಿಗೆಗೆ ತಂದು ಅದರ ಮೇಲೇ ಕೂರಿಸಿದಿರಿ. 220ಕ್ಕೆ 20, ಅಂದರೆ ಹನ್ನೊಂದಕ್ಕೆ ಒಂದು. ಬಾಡಿಗೆ ಮಾತ್ರ ಎರಡು ಪಟ್ಟು. ಈಗ ಎರಡನೇ ಪ್ರೊಜೆಕ್ಟರ್ ವಾಪಸ್ ಕಳಿಸಿ, ಆ ಬೀದಿ ದೀಪವನ್ನು ಒಂದು ಗಂಟೆ ಆರಿಸಿ. ಗೋಡೆಯ ಮೇಲೆ 2 ಲಕ್ಸ್ ಉಳಿಯಿತು ಅಂದುಕೊಳ್ಳಿ. 102ಕ್ಕೆ 2, ಅಂದರೆ ಐವತ್ತೊಂದಕ್ಕೆ ಒಂದು! ಖರ್ಚು ಒಂದು ಅರ್ಜಿ, ಲೈನ್‌ಮ್ಯಾನ್‌ಗೆ ಒಂದು ಕಾಫಿ.

ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಇರುತ್ತದೆ. ಪಕ್ಕಾ ಲೆಕ್ಕಕ್ಕಾಗದು, ಹೋಲಿಸಿ ನೋಡಲು ಸಾಕು. ಶೋ ನಡೆಯುವ ಹೊತ್ತಿಗೇ ಹೋಗಿ, ಫೋನಿನ ಬೆನ್ನು ಗೋಡೆಗೆ ಕೊಟ್ಟು ಪರದೆಯನ್ನು ಹೊರಗೆ ಮಾಡಿ, ನಾಲ್ಕು ಮೂಲೆ ಮತ್ತು ನಡುವಿನ ಅಂಕಿ ಬರೆದುಕೊಳ್ಳಿ. ಹಗಲು ಹೋಗಿ ಗೋಡೆ ಮೆಚ್ಚಿಕೊಂಡು ಬಂದವರಿಗೆ ಎದುರಿನ ಮೆಡಿಕಲ್ ಶಾಪಿನ ಎಲ್‌ಇಡಿ ಬೋರ್ಡ್ ರಾತ್ರಿಯೇ ಕಾಣುವುದು.

ಮೈಸೂರಿನವರಿಗೆ ಕತ್ತಲು ಕೇಳಿ ಅನ್ನುವುದು ಕಷ್ಟ, ಗೊತ್ತು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟು ಕಳಿಸಿದ ಸೀಮೆ ನಮ್ಮದು. ಅರಮನೆಗೆ ಲಕ್ಷದ ಹತ್ತಿರ ಬಲ್ಬು. ದಸರಾದಲ್ಲಿ ಸೀರಿಯಲ್ ಸೆಟ್ ಇಲ್ಲದ ಮರ ಕಂಡರೆ ನಮಗೆ ಕಸಿವಿಸಿ. ಆದರೆ ಮಂಡ್ಯದ ಕಡೆಯ ತೊಗಲು ಗೊಂಬೆಯವರನ್ನು ನೋಡಿ. ತೆಳ್ಳಗೆ ಹೆರೆದು ಬಣ್ಣ ಹಾಕಿದ ತೊಗಲು, ಮುಂದೆ ಬಿಳಿ ಪರದೆ, ಹಿಂದೆ ಒಂದು ದೀಪ. ಆ ಒಂದು ದೀಪದಲ್ಲಿ ರಾವಣ ಅಷ್ಟು ಕೆಂಪಗೆ ಕಾಣುವುದು ಸುತ್ತ ಬಯಲೆಲ್ಲ ಕತ್ತಲಾಗಿರುವುದರಿಂದ. ಅದೇ ಆಟವನ್ನು ಹೈಮಾಸ್ಟ್ ದೀಪದ ಕೆಳಗೆ ಆಡಿಸಿದರೆ ರಾವಣ ಮಸುಕಾಗಿ ಪರದೆಯೇ ಎದ್ದು ಕಾಣುತ್ತದೆ.

ಇನ್ನು ಪ್ರೊಜೆಕ್ಟರ್ ಎಲ್ಲಿಡಬೇಕು ಅನ್ನುವ ಮಾತು. ಇದಕ್ಕೆ ನನಗಿಷ್ಟವಾದ ಕಥೆಯೊಂದಿದೆ; ಕೇಳಿದವರು ಇನ್ನೊಮ್ಮೆ ಕೇಳಿ. ಮೈಕೆಲ್ ನೈಮಾರ್ಕ್ ಅಂತ ಅಮೆರಿಕದ ಕಲಾವಿದ. 1980ರ ಸುಮಾರಿಗೆ ಪ್ರದರ್ಶನದ ಜಾಗದೊಳಗೆ ಒಂದು ಮಾಮೂಲಿ ಮನೆಯ ಹಾಲ್ ಜೋಡಿಸಿದ. ನಡುವೆ ನಿಧಾನಕ್ಕೆ ಸುತ್ತುವ ಮಣೆ, ಅದರ ಮೇಲೆ 16 ಎಂಎಂ ಮೂವಿ ಕ್ಯಾಮೆರಾ. ಇಬ್ಬರು ಕಲಾವಿದರು ಆ ಹಾಲಿನಲ್ಲಿ ಓಡಾಡಿದರು, ಕ್ಯಾಮೆರಾ ಸುತ್ತುತ್ತಾ ಎಲ್ಲವನ್ನೂ ಹಿಡಿಯಿತು. ಆಮೇಲೆ ಮಾಡಿದ್ದು ನೋಡಿ. ಸಾಮಾನನ್ನು ಅಲ್ಲಾಡಿಸದೆ ಇಡೀ ಕೋಣೆಗೆ, ಅದರಲ್ಲಿದ್ದ ಸಕಲಕ್ಕೂ, ಬಿಳಿ ಬಣ್ಣ ಸ್ಪ್ರೇ ಮಾಡಿಸಿಬಿಟ್ಟ. ನಮ್ಮ ಮನೆಯಲ್ಲಿ ಮಾಡಿದ್ದರೆ ಏನಾಗುತ್ತಿತ್ತೋ, ಆ ಮಾತು ಬೇಡ. ಕ್ಯಾಮೆರಾ ಇದ್ದಲ್ಲೇ, ಅದೇ ಸುತ್ತುವ ಮಣೆಯ ಮೇಲೆ, ಪ್ರೊಜೆಕ್ಟರ್ ಇಟ್ಟು ಅದೇ ಫಿಲ್ಮ್ ಓಡಿಸಿದ. ಬೆಳಕು ಬಿದ್ದ ಕಡೆಯೆಲ್ಲ ಕುರ್ಚಿಗೆ ಕುರ್ಚಿಯದೇ ಬಣ್ಣ, ಮೇಜಿಗೆ ಮೇಜಿನದೇ ಬಣ್ಣ ಬಂತು. ಬೆಳಕು ಮುಂದೆ ಸರಿದರೆ ಮತ್ತೆ ಸುಣ್ಣ. ಸಾಮಾನು ನಿಜದ ಹಾಗೇ ಕಂಡಿತು. ಆ ಇಬ್ಬರು ಮಾತ್ರ ದೆವ್ವಗಳ ಹಾಗೆ ಗೋಡೆಗೆ ಚಪ್ಪಟೆಯಾಗಿ ಅಂಟಿಕೊಂಡರು. ಅವರಿಗೆ ಬಿಳಿ ಬಳಿದು ಅಲ್ಲೇ ನಿಲ್ಲಿಸಲು ಆಗಲಿಲ್ಲವಲ್ಲ!

ಈ ಕೆಲಸದಲ್ಲಿ ಕಂಪ್ಯೂಟರ್ ಇಲ್ಲ, ಚಿತ್ರವನ್ನು ಎಳೆದು ಬಗ್ಗಿಸುವ ವಾರ್ಪ್ ಇಲ್ಲ, ಬೇಡದ ಕಡೆ ಬೆಳಕು ಮುಚ್ಚುವ ಮಾಸ್ಕ್ ಇಲ್ಲ. ಕ್ಯಾಮೆರಾ ಕಂಡಲ್ಲಿಂದಲೇ ಪ್ರೊಜೆಕ್ಟರ್ ಎಸೆಯಿತು, ಅಷ್ಟೇ. 2001ರಲ್ಲಿ ಕಂಪ್ಯೂಟರ್ ಸಂಶೋಧಕ ರಮೇಶ್ ರಾಸ್ಕರ್ ಮತ್ತು ಸಂಗಡಿಗರು ತಾಜ್ ಮಹಲಿನ ಬಿಳಿ ಮಾದರಿಯೊಂದಕ್ಕೆ ಪ್ರೊಜೆಕ್ಟರುಗಳಿಂದ ಕಲ್ಲಿನ ಬಣ್ಣ, ನೆರಳು ತುಂಬಿದಾಗ ಕೆಲಸ ಕಂಪ್ಯೂಟರಿಗೆ ಬಂತು. ಆದರೂ ಪ್ರೊಜೆಕ್ಟರ್ ಎಲ್ಲಿದೆ ಅಂತ ಲೆಕ್ಕ ಹಿಡಿಯುವುದೇ ಮೊದಲ ಕೆಲಸ. ಹಾಗಾಗಿ ಜನ ನಿಲ್ಲುವ ಜಾಗದಿಂದ ಫೋಟೋ ತೆಗೆದು ಅದರ ಮೇಲೆ ಅನಿಮೇಷನ್ ಕಟ್ಟಬೇಡಿ. ಗೋಡೆಯಿಂದ ಮುಂದೆ ಚಾಚಿದ ಕಮಾನು, ಕಂಬ, ಸಜ್ಜೆ ಪ್ರೊಜೆಕ್ಟರಿನ ಕಣ್ಣಿಗೆ ಬೇರೆ ಕಡೆ ಇರುತ್ತವೆ. ಆಮೇಲೆ ಎಷ್ಟು ಎಳೆದರೂ ಒಂದು ಕೂಡಿದರೆ ಇನ್ನೊಂದು ಕೂಡುವುದಿಲ್ಲ. ಫೋಟೋ ಲೆನ್ಸಿನ ಜಾಗದಿಂದ, ಲೆನ್ಸಿನ ಎತ್ತರದಿಂದ. ಇನ್ನೂ ಸುಲಭದ ದಾರಿ: ರಾತ್ರಿ ಪ್ರೊಜೆಕ್ಟರ್ ಹಚ್ಚಿ, 1920 × 1200 ಪಿಕ್ಸೆಲ್‌ನ ಕಪ್ಪು ಹಾಳೆಯನ್ನು ಪೂರ್ತಿ ಪರದೆಗೆ ತೆರೆದು, ಪೆನ್ ಟ್ಯಾಬ್ಲೆಟ್‌ನಲ್ಲಿ ನೇರ ಗೋಡೆಯ ಮೇಲೆ ನೋಡುತ್ತಾ ಎರಡು ಪಿಕ್ಸೆಲ್ ಗೆರೆ ಎಳೆಯಿರಿ. ಕಿಟಕಿ, ಕಂಬ, ಕಮಾನು. ಒಬ್ಬರು ಗೋಡೆ ಬಳಿ ನಿಂತು "ಎಡಕ್ಕೆ, ಇನ್ನೂ ಎಡಕ್ಕೆ" ಅನ್ನಬೇಕು. ಆ ಗೆರೆಗಳೇ ನಿಮ್ಮ ಮಾಸ್ಕ್. ಓರೆಯಾದ ಚಿತ್ರವನ್ನು ಪ್ರೊಜೆಕ್ಟರಿನೊಳಗೇ ಚೌಕ ಮಾಡುವ ಕೀಸ್ಟೋನ್ ಮುಟ್ಟಬೇಡಿ, ಪಿಕ್ಸೆಲ್ ತಿನ್ನುತ್ತದೆ. ಲೆನ್ಸನ್ನೇ ಸರಿಸಿ ಚಿತ್ರ ಜರುಗಿಸುವ ಲೆನ್ಸ್ ಶಿಫ್ಟ್ ಇದ್ದರೆ ಅದನ್ನು ಬಳಸಿ.

ಶಾಮಿಯಾನದವರು ಇದನ್ನು ಗಮನವಿಟ್ಟು ಕೇಳಬೇಕು. ನಮ್ಮ 12 ಮೀಟರ್ ಗೋಡೆಯ ಮೇಲೆ ಒಂದು ಪಿಕ್ಸೆಲ್ ಅಂದರೆ ಆರು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಥ್ರೋ ರೇಶಿಯೊ, ಅಂದರೆ ಚಿತ್ರದ ಅಗಲದ ಎಷ್ಟು ಪಟ್ಟು ದೂರ ಅನ್ನುವುದು, 1.5 ಇದ್ದರೆ ಪ್ರೊಜೆಕ್ಟರ್ 18 ಮೀಟರ್ ದೂರ. ಅದರ ಹಿಂದಿನ ಮುಂದಿನ ಕಾಲುಗಳ ನಡುವೆ ಅರ್ಧ ಮೀಟರ್ ಇದೆ ಅನ್ನಿ. ಒಂದು ಕಾಲು ಅರ್ಧ ಮಿಲಿಮೀಟರ್ ಎದ್ದರೆ, ನಾಲ್ಕೈದು ಹಾಳೆ ಕಾಗದದ ದಪ್ಪ, ಗೋಡೆಯ ಮೇಲೆ ಚಿತ್ರ ಸುಮಾರು ಎರಡು ಸೆಂಟಿಮೀಟರ್ ಜಾರುತ್ತದೆ. ಕಮಾನಿನ ಗೆರೆ ಕಮಾನು ಬಿಟ್ಟು ಆಚೆ ನಿಲ್ಲುತ್ತದೆ. ಪ್ರೊಜೆಕ್ಟರ್ ಇಟ್ಟ ಪೈಪಿನ ಟವರ್ ಮೇಲೆ ಒಬ್ಬ ಹತ್ತಿದರೂ ಸಾಕು ಇಷ್ಟಾಗಲು. ಮಂಡ್ಯ ಕಡೆಯ ಗದ್ದೆ ಮಣ್ಣಿನಲ್ಲಿ ಮಳೆ ಬಿದ್ದ ಮರುದಿನ ಕೇಳುವುದೇ ಬೇಡ. ಪೈಪಿನ ಕಾಲಿಗೆ ಎರಡಿಂಚು ದಪ್ಪದ ಹಲಗೆ, ಅದರ ಮೇಲೆ ಸ್ಕ್ರೂ ಜ್ಯಾಕ್, ನಾಲ್ಕೂ ಕಡೆ ಹಗ್ಗ. ಆಪರೇಟರ್ ಕೆಳಗೆ ಕೂರಲಿ, ಟೀ ಕೂಡ ಕೆಳಗೇ ಕುಡಿಯಲಿ. ಅಲೈನ್‌ಮೆಂಟ್, ಅಂದರೆ ಚಿತ್ರವನ್ನು ಗೋಡೆಗೆ ಕೂಡಿಸುವುದನ್ನು, ಪ್ರೊಜೆಕ್ಟರ್ ಹಚ್ಚಿ ಅರ್ಧ ಗಂಟೆಯ ಮೇಲೆ ಮಾಡಿ. ಬಿಸಿಯಾಗುತ್ತಾ ಫೋಕಸ್ ಜರುಗುತ್ತದೆ.

ಗೋಡೆಯ ಬಣ್ಣ. ನಮ್ಮೂರ ಹಳೇ ಕಟ್ಟಡಗಳ ತಿಳಿ ಹಳದಿ ಚಂದವೇನೋ ಹೌದು, ಆದರೆ ಹಳದಿ ನೀಲಿಯನ್ನು ನುಂಗುತ್ತದೆ. ಕೃಷ್ಣನ ಮೈ ನೀಲಿ ಕಳಿಸಿದರೆ ಮಂಕು ಹಸಿರು ಬೂದಿ ವಾಪಸ್ ಬರುತ್ತದೆ. ಹಾಗಾಗಿ ಬಣ್ಣಗಳನ್ನು ಸ್ಟುಡಿಯೋದಲ್ಲಿ ಮುಗಿಸಬೇಡಿ, ಗೋಡೆ ಮುಂದೆ ತಿದ್ದಿ. ಬೂದು ಗ್ರಾನೈಟ್ ಬೆಳಕಿನ ಬಹುಪಾಲು ಕುಡಿದುಬಿಡುತ್ತದೆ. ಅಲ್ಲಿ ಮತ್ತೆ ಲೂಮೆನ್ ಅನ್ನುತ್ತೀರಿ, ನಾನು ಮತ್ತೆ ಕತ್ತಲು ಅನ್ನುತ್ತೇನೆ. ಕಿಟಕಿ ಗಾಜಿನಲ್ಲಿ ಬೆಳಕು ಒಳಗೆ ಹೋಗಿಬಿಡುತ್ತದೆ. ಒಳಗಿನಿಂದ ಬಟರ್ ಪೇಪರ್ ಅಂಟಿಸಿ, ಇಲ್ಲವೇ ಆ ಜಾಗ ಕಪ್ಪು ಬಿಡಿ. ಗೋಡೆಗೆ ಎನಾಮೆಲ್ ಪೇಂಟ್ ಇದ್ದರೆ ಕನ್ನಡಿಯಂತಾಗಿ ಚಿತ್ರದ ನಡುವೆ ಪ್ರೊಜೆಕ್ಟರಿನ ಲೆನ್ಸೇ ಹೊಳೆಯುತ್ತದೆ. ಸೋಮನಾಥಪುರದಂಥ ಸಂರಕ್ಷಿತ ಸ್ಮಾರಕದ ಕನಸಿದ್ದವರು ಪುರಾತತ್ವ ಇಲಾಖೆಯ ಅನುಮತಿಯಿಂದ ಶುರು ಮಾಡಬೇಕು. ಅಲ್ಲಿ ಕಲ್ಲಿಗೆ ಒಂದು ಮೊಳೆ, ಒಂದು ಟೇಪ್ ಕೂಡ ತಾಗುವಂತಿಲ್ಲ.

ಪೂರ್ತಿ ಬಿಳಿ ಫ್ರೇಮ್ ಬಗ್ಗೆಯೂ ಒಂದು ಮಾತು. ಆ ಒಂದು ಕ್ಷಣ ಬೀದಿಯೆಲ್ಲ ಬೆಳಗಿ, ಕತ್ತಲಿಗೆ ಹೊಂದಿಕೊಂಡಿದ್ದ ಜನರ ಕಣ್ಣು ಕಿರಿದಾಗುತ್ತದೆ. ಮುಂದಿನ ಮಂದ ದೃಶ್ಯ ಯಾರಿಗೂ ಕಾಣುವುದಿಲ್ಲ. ಕಷ್ಟಪಟ್ಟು ಸಂಪಾದಿಸಿದ ಕತ್ತಲನ್ನು ನಾವೇ ಹಾಳುಮಾಡಿದ ಹಾಗೆ.

ಚೀಟಿ ಬಂತು, ಐದು ನಿಮಿಷವಂತೆ. ಉಳಿದದ್ದು ಬೇಗ ಬೇಗ. ವಿಡಿಯೋವನ್ನು ಬಿಗಿಯಾಗಿ ಒತ್ತಿ ಇಡುವ ಎಚ್.264ರಲ್ಲಿ ಇಟ್ಟುಕೊಂಡು ನಾಲ್ಕು ಲೇಯರ್ ಓಡಿಸಿದರೆ ಲ್ಯಾಪ್‌ಟಾಪ್ ಮುಗ್ಗರಿಸುತ್ತದೆ, ಬಿಚ್ಚುವ ಭಾರವೇ ಹೆಚ್ಚು; ಬಿಚ್ಚಲು ಹಗುರವಾದ ಹ್ಯಾಪ್ ರೂಪಕ್ಕೆ ಬದಲಿಸಿ, ರೆಸೊಲ್ಯೂಮ್ ಸಾಫ್ಟ್‌ವೇರ್‌ನಲ್ಲಿ ಓಡಿಸುವುದಾದರೆ ಡಿಎಕ್ಸ್‌ವಿ. ಫೈಲ್ ದೊಡ್ಡದಾಗುತ್ತದೆ, ಎಸ್‌ಎಸ್‌ಡಿ ಇರಲಿ. ಮಾಮೂಲಿ ಎಚ್‌ಡಿಎಂಐ ಕೇಬಲನ್ನು ಹತ್ತು ಹದಿನೈದು ಮೀಟರಿನಾಚೆ ನಂಬಬೇಡಿ. ವಿಡಿಯೋವನ್ನು ನೆಟ್‌ವರ್ಕ್ ಕೇಬಲ್ಲಿನಲ್ಲಿ ಕಳಿಸುವ ಎಚ್‌ಡಿಬೇಸ್‌ಟಿ ಪೆಟ್ಟಿಗೆ ಮತ್ತು ಕ್ಯಾಟ್ 6 ಕೇಬಲ್ ಇದ್ದರೆ ಫುಲ್ ಎಚ್‌ಡಿ 100 ಮೀಟರ್ ಹೋಗುತ್ತದೆ, ಕೇಬಲ್ ಶುದ್ಧ ತಾಮ್ರದ್ದಾಗಿರಬೇಕು. ತಾಮ್ರ ಸವರಿದ ಅಲ್ಯುಮಿನಿಯಂ ಆದರೆ ಚಿತ್ರ ಮಿಣುಕುತ್ತದೆ. ಎರಡು ಪ್ರೊಜೆಕ್ಟರ್ ಅಕ್ಕಪಕ್ಕ ಇಟ್ಟರೆ ಶೇಕಡಾ 15ರಷ್ಟು ಒಂದರ ಮೇಲೊಂದು ಬರಲಿ. ಕಪ್ಪು ತೋರಿಸುವಾಗಲೂ ಪ್ರೊಜೆಕ್ಟರಿನಿಂದ ಒಂದಿಷ್ಟು ಬೆಳಕು ಸೋರುತ್ತದೆ; ಆ ಪಟ್ಟಿಯಲ್ಲಿ ಎರಡರದೂ ಸೇರಿ ಕಪ್ಪು ಬೂದಾಗುತ್ತದೆ, ಕಡುಗಪ್ಪು ದೃಶ್ಯ ಅಲ್ಲಿಗೆ ಇಡಬೇಡಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, 34 ಮೀಟರ್ ಹಿಂದೆ ಕೂತವರಿಗೆ ಹತ್ತನೇ ಒಂದು ಸೆಕೆಂಡ್ ತಡ. ತಾಳಕ್ಕೆ ಬೆಳಕು ಕೂಡಬೇಕಾದರೆ ನಡುವಿನ ಸಾಲಿನಲ್ಲಿ ಕೂತು ಹೊಂದಿಸಿ. ಕರೆಂಟಿಗೆ ಸರಿಯಾದ ಅರ್ತಿಂಗ್ ಇರಲಿ, ಸೌಂಡ್‌ಗೂ ವಿಡಿಯೋಗೂ ಅದೇ ಅರ್ತ್. ಬೇರೆ ಬೇರೆಯಾದರೆ ಸ್ಪೀಕರ್ ಗುಂಯ್ ಅನ್ನುತ್ತದೆ. ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಎರಡಕ್ಕೂ ಯುಪಿಎಸ್. ಜನರೇಟರಿಗೆ ಬದಲಿಸುವ ಆ ಎರಡು ಸೆಕೆಂಡಿಗೆ ಅದು ಬೇಕು.

ಮಳೆಗೆ ಪ್ರೊಜೆಕ್ಟರಿನ ಮೇಲೆ ಪ್ಲಾಸ್ಟಿಕ್ ಹೊದಿಸುತ್ತಾರೆ, ಗಾಳಿ ಆಡದೆ ಅದು ಬಿಸಿಯಾಗಿ ತಾನೇ ಆಫ್ ಆಗುತ್ತದೆ. ಮೇಲೆ ಇಳಿಜಾರು ತಗಡು, ಪಕ್ಕಗಳು ತೆರೆದಿರಲಿ. ದಸರಾ ಕಾಲದ ಮಳೆ ಹುಳ ಲೆನ್ಸಿಗೆ ಮುತ್ತಿದರೆ ಗೋಡೆಯ ಮೇಲೆ ಒಂದೊಂದೂ ಮಬ್ಬು ಮಚ್ಚೆಯಾಗಿ ಹರಿದಾಡುತ್ತದೆ. ಅದಕ್ಕೆ ಟವರಿನಿಂದ ದೂರ, ಗೋಡೆಗೂ ದೂರ, ಒಂದು ಹಳದಿ ಬಲ್ಬಲ್ಲ, ಬಿಳಿ ಬಲ್ಬು ಹಚ್ಚಿಡಿ, ಹುಳ ಅತ್ತ ಹೋಗುತ್ತವೆ. ನಗುತ್ತಿದ್ದೀರಿ, ಗೊತ್ತಾಯಿತು. ಅದೊಂದು ದೀಪಕ್ಕೆ ನನ್ನ ಒಪ್ಪಿಗೆ ಇದೆ. ಪ್ರಶ್ನೆ ಇದ್ದವರು ವೇದಿಕೆ ಹತ್ತಿರ ಬನ್ನಿ, ಸಭಾಂಗಣದವರು ಬೀಗ ಹಿಡಿದು ನಿಂತಿದ್ದಾರೆ.