ಮಗ್ ಮಸುಕಾದರೆ ಡಿಗ್ರಿ ಏರಿಸಬೇಡಿ

ನಮಸ್ಕಾರ. ಸಬ್ಲಿಮೇಶನ್ ಅಂದರೆ ಪೇಪರಿನಲ್ಲಿ ಪ್ರಿಂಟ್ ಮಾಡಿದ ಬಣ್ಣವನ್ನು ಪ್ರೆಸ್ಸಿನ ಬಿಸಿ, ಒತ್ತಡದಿಂದ ಮಗ್ಗಿಗೆ ಇಳಿಸುವುದು. ಹಾಗೆ ಮಾಡಿದ ಮಗ್ಗಿನ ಮೇಲೆ ಬಣ್ಣ ಒಂದು ಕಡೆ ಗಾಢವಾಗಿ, ಇನ್ನೊಂದು ಕಡೆ ಮಸುಕಾಗಿ ಬಂತು ಅಂದುಕೊಳ್ಳಿ. ನಮ್ಮಲ್ಲಿ ಜಾಸ್ತಿ ಜನ ಮೊದಲು ಮಾಡುವ ಕೆಲಸ ಏನು? ಡಿಗ್ರಿ ಏರಿಸುವುದು. 180 ಇದ್ದದ್ದು 190, ಆಮೇಲೆ 200. ಇದು ತಪ್ಪು ದಾರಿ ಅಂತ ಗಟ್ಟಿಯಾಗಿ ಹೇಳಲಿಕ್ಕೇ ಈ ವಿಡಿಯೋ ಮಾಡುತ್ತಿದ್ದೇನೆ.

ಪ್ರೆಸ್ಸಿನಲ್ಲಿ ಕಾಣುವ ನಂಬರ್ ಮಗ್ಗಿನ ಬಿಸಿ ಅಲ್ಲ. ಮಗ್ಗನ್ನು ಸುತ್ತಿ ಹಿಡಿಯುವ ಹೀಟಿಂಗ್ ಪ್ಯಾಡಿನಲ್ಲಿ ಸೆನ್ಸರ್ ಕೂತಿರುವ ಒಂದು ಜಾಗದ ಬಿಸಿ, ಅಷ್ಟೇ. ಹಿಡಿಯ ಪಕ್ಕ, ಬಾಯಿಯ ಅಂಚು, ತಳ, ಇಲ್ಲೆಲ್ಲ ಏನಾಗುತ್ತಿದೆ ಅಂತ ಅದಕ್ಕೆ ಗೊತ್ತಿಲ್ಲ. ಪ್ಯಾಡ್ ಸರಿಯಾಗಿ ತಾಗದ ಕಡೆ ಎಷ್ಟು ಏರಿಸಿದರೂ ಬಣ್ಣ ಅರ್ಧಂಬರ್ಧವೇ. ತಾಗಿರುವ ಕಡೆ ಮಾತ್ರ ಇನ್ನಷ್ಟು ಬೇಯುತ್ತದೆ. ಅಕ್ಷರದ ಅಂಚು ಹರಡುತ್ತದೆ, ಕಪ್ಪು ಕಂದಾಗುತ್ತದೆ.

ಕೊಡಗಿನಲ್ಲಿ ಈ ಕಪ್ಪಿನ ವಿಷಯ ಸಣ್ಣದಲ್ಲ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಎಲ್ಲಿ ಅಂಗಡಿ ಇಟ್ಟರೂ ಕೊಡವ ಮದುವೆಯ ಫೋಟೋ ಬಂದೇ ಬರುತ್ತದೆ. ಮದುಮಗ ಬಿಳಿ ಕುಪ್ಯದಲ್ಲಿ (ಕೊಡವರ ನಿಲುವಂಗಿ), ಸುತ್ತ ನಿಂತ ಗಂಡಸರು ಕಪ್ಪು ಕುಪ್ಯದಲ್ಲಿ, ಸೊಂಟಕ್ಕೆ ಕೆಂಪು ಚೇಲೆ. ಬಿಸಿ ಕಡಿಮೆಯಾದರೂ ಕಪ್ಪು ಕಂದು, ಜಾಸ್ತಿಯಾದರೂ ಕಂದು. ಒಂದೇ ಸಾಲಿನಲ್ಲಿ ನಿಂತವರಲ್ಲಿ ನಡುವಿನವರ ಕುಪ್ಯ ಕಪ್ಪಗೆ, ಹಿಡಿಯ ಪಕ್ಕದವರದ್ದು ಕಾಫಿಪುಡಿ ಬಣ್ಣ. ಆ ಮಗ್ ಅವರ ಮನೆಯಲ್ಲಿ ವರ್ಷಗಟ್ಟಲೆ ಇರುತ್ತದೆ. ಅಂಥದ್ದನ್ನು ಪ್ಯಾಕ್ ಮಾಡಿ ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಹುಡುಕುವುದು ಹೇಗೆ? ಬೂದು ಬಣ್ಣ ಒಂದನ್ನೇ ಪೂರ್ತಿ ತುಂಬಿದ ಶೀಟ್ ಪ್ರಿಂಟ್ ಮಾಡಿ ಒತ್ತಿ. ಫೋಟೋದಲ್ಲಿ ಕಣ್ಣು ತಪ್ಪಿಸುವ ಮಸುಕು ಇಲ್ಲಿ ಎದ್ದು ಕಾಣುತ್ತದೆ. ಆಮೇಲೆ ಇನ್ನೊಂದು ಮಗ್ ತಗೊಂಡು, ಬಾಯಿ ಇದ್ದ ಕಡೆ ತಳ ಬರುವ ಹಾಗೆ ತಿರುಗಿಸಿ ಒತ್ತಿ. ಮಸುಕು ಪ್ರೆಸ್ಸಿನ ಅದೇ ಜಾಗದಲ್ಲಿ ಬಂದರೆ ತೊಂದರೆ ಪ್ರೆಸ್ಸಿನದು. ಮಗ್ಗಿನ ಜೊತೆಗೇ ತಿರುಗಿದರೆ ಮಗ್ಗಿನದು. ಅದರ ತಳ ಒಳಕ್ಕೆ ಬಾಗಿರಬಹುದು, ಇಲ್ಲವೇ ಮೇಲಿನ ಕೋಟಿಂಗ್ ಒಂದೇ ಸಮ ಇಲ್ಲದಿರಬಹುದು. ಇಷ್ಟನ್ನೂ ನೋಡದೆ ಇಂಕ್ ಬದಲಾಯಿಸುವುದು, ಪೇಪರ್ ಬದಲಾಯಿಸುವುದು ಸುಮ್ನೆ ದುಡ್ಡು ದಂಡ.

ತೊಂದರೆ ಪ್ರೆಸ್ಸಿನದು ಅಂತಾದರೆ ಒತ್ತಡ ನೋಡಿ. ಪ್ರೆಸ್ ತಣ್ಣಗಿರುವಾಗ ಮಗ್ಗಿಗೂ ಪ್ಯಾಡಿಗೂ ನಡುವೆ ಅಲ್ಲಲ್ಲಿ ಕಾಗದದ ಪಟ್ಟಿ ಇಟ್ಟು ಮುಚ್ಚಿ. ಒಂದೊಂದನ್ನೇ ಎಳೆಯಿರಿ. ಸಲೀಸಾಗಿ ಜಾರಿ ಬಂದ ಕಡೆ ಪ್ಯಾಡ್ ತಾಗುತ್ತಿಲ್ಲ. ಸ್ಕ್ರೂ ಸ್ವಲ್ಪ ಬಿಗಿ ಮಾಡಿ ಮತ್ತೆ ನೋಡಿ. ಸ್ವಲ್ಪ ಅಂದರೆ ಸ್ವಲ್ಪವೇ, ವಿಪರೀತ ಬಿಗಿದರೆ ಪ್ಯಾಡೇ ಹಾಳಾಗುತ್ತದೆ. ಹಿಡಿಯ ಹತ್ತಿರ ಮಾತ್ರ ಯಾವ ಸ್ಕ್ರೂ ಕೂಡ ಸಹಾಯ ಮಾಡುವುದಿಲ್ಲ. ಪ್ಯಾಡಿನ ಎರಡು ತುದಿ ಅಲ್ಲಿ ಸೇರುವುದೇ ಇಲ್ಲ ಅಲ್ವಾ? ಅದಕ್ಕೇ 11 ಔನ್ಸ್ ಮಗ್ಗಿಗೆ ಡಿಸೈನ್ ಸುಮಾರು 20 ಸೆಂಟಿಮೀಟರ್ ಅಗಲಕ್ಕೆ ನಿಲ್ಲಿಸಿ. ಜನರ ಮುಖಗಳನ್ನು ಅಂಚಿನಿಂದ ಇನ್ನೂ ಒಳಗೆ ತನ್ನಿ.

ಇನ್ನು ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗೋಡೆಗೇ ತೇವ ಹಿಡಿಯುತ್ತದೆ, ಪೇಪರನ್ನು ಬಿಡುತ್ತದಾ? ಪ್ರೆಸ್ ಮುಚ್ಚಿದ ಕೂಡಲೇ ಆ ತೇವ ಆವಿಯಾಗಿ ಪೇಪರಿಗೂ ಮಗ್ಗಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಅಲ್ಲಲ್ಲಿ ಚುಕ್ಕೆ, ತೇಪೆ. ನೋಡಿದವರು ಬಿಸಿ ಸಾಲಲಿಲ್ಲ ಅಂದುಕೊಳ್ಳುತ್ತಾರೆ. ಮಳೆ ಮುಗಿದ ಮೇಲೆ ಬರುವ ಪುತ್ತರಿ ಹಬ್ಬದ ಹೊತ್ತಿಗೆ ಚೆನ್ನಾಗಿ ಬರುವ ಅದೇ ಡಿಸೈನ್ ಮಳೆಗಾಲದಲ್ಲೇ ಬರುವ ಕೈಲ್ ಮುಹೂರ್ತ ಹಬ್ಬದ ಆರ್ಡರಿಗೆ ಕೆಟ್ಟರೆ ಮೊದಲು ಪೇಪರನ್ನೇ ಅನುಮಾನಿಸಿ. ಅದನ್ನು ಗಾಳಿಯಾಡದ ಕವರಿನಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಮಗ್ಗನ್ನು ಒಣಬಟ್ಟೆಯಲ್ಲಿ ಒರೆಸಿ, ಪೇಪರ್ ಸುತ್ತುವ ಮುಂಚೆ ಸ್ವಲ್ಪ ಬೆಚ್ಚಗೆ ಮಾಡಿ.

ಮಳೆಯ ಜೊತೆಗೇ ವೋಲ್ಟೇಜ್ ಕಾಟ. 230 ಇರಬೇಕಾದ ವೋಲ್ಟೇಜ್ 180ಕ್ಕೆ ಇಳಿದರೆ ಹೀಟರಿಗೆ ಸಿಗುವ ಶಕ್ತಿ ಸುಮಾರು ನೂರಕ್ಕೆ 61ರಷ್ಟು ಮಾತ್ರ. ತಣ್ಣನೆಯ ಮಗ್ ಇಟ್ಟಾಗ ಬಿಸಿ ಹೇಗೂ ಇಳಿಯುತ್ತದೆ, ಈಗ ಮೇಲೇಳಲು ಇನ್ನೂ ತಡ. ಟೈಮರ್ ಮಾತ್ರ ಕೆಲವು ಪ್ರೆಸ್ಸುಗಳಲ್ಲಿ ಮುಚ್ಚಿದ ಕೂಡಲೇ ಓಡಲು ಶುರುಮಾಡುತ್ತದೆ. ಬೇಗ ಬಿಸಿ ಕಳೆದುಕೊಳ್ಳುವ ಬಾಯಿ ಮತ್ತು ತಳ ಮೊದಲು ಹಿಂದೆ ಬೀಳುತ್ತವೆ. ನಿಮ್ಮದೂ ಹಾಗಿದ್ದರೆ ಡಿಗ್ರಿ ಮತ್ತೆ ಮೇಲೆ ಬಂದ ಮೇಲೆ ಸೆಕೆಂಡು ಎಣಿಸಿ. ಕೆಲಸ ಹೆಚ್ಚಿದ್ದರೆ ಸ್ಟೆಬಿಲೈಸರ್ ಹಾಕಿಸಿ, ಆ ಖರ್ಚು ಖಂಡಿತ ದಂಡವಲ್ಲ. ಬೆಳಗಿನ ಮೊದಲ ಮಗ್ ಮಾತ್ರ ಮಸುಕಾಗುತ್ತಿದ್ದರೆ ಒಂದು ಹಳೇ ಮಗ್ ಇಟ್ಟು ಪ್ರೆಸ್ ಕಾಯಿಸಿಕೊಳ್ಳಿ. ಖಾಲಿ ಪ್ರೆಸ್ ಕಾಯಿಸಬೇಡಿ.

ಇಷ್ಟೆಲ್ಲ ಸರಿ ಇದ್ದೂ ಮಸುಕು ಅದೇ ಜಾಗ ಬಿಡದಿದ್ದರೆ ಪ್ಯಾಡ್ ಕೆಟ್ಟಿದೆ ಅಂತಲೇ ತಿಳಿಯಿರಿ. ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ, ಅದು ಕರೆಂಟಿನ ವಿಷಯ. ಇಡೀ ಪ್ರೆಸ್ ಬದಲಾಯಿಸಬೇಕಾಗಿಯೂ ಇಲ್ಲ, ಪ್ಯಾಡ್ ಒಂದೇ ಬೇರೆ ಸಿಗುತ್ತದೆ. ತರುವಾಗ ಹಳೆಯದರ ಅಳತೆ ಮತ್ತು ಪ್ಲಗ್ಗಿನ ಪಿನ್ನುಗಳನ್ನು ಹೊಂದಿಸಿ ನೋಡಿ. ಹೊಸದು ಹಾಕಿದ ದಿನವೂ ಮೊದಲು ಬೂದು ಶೀಟ್ ಒತ್ತಿ, ಆಮೇಲೆ ಆರ್ಡರ್.